ಕಥೆ ನಮ್ಮದು, ಕೀಲಿ ಯಾರದು?

ಇಂದಿನ ಧಮ್ಮ ಚಿಂತನೆ



ಪಂಚಶೀಲದ ಎರಡನೆಯ ಶೀಲಕ್ಕೆ ‘ಕಳ್ಳತನ ಮಾಡುವುದಿಲ್ಲ’ ಎಂದು ಅರ್ಥ ಹೇಳಿ ನಾವು ಮುಂದೆ ಹೋಗಿಬಿಡುತ್ತೇವೆ. ಪಾಲಿಯ ಮಾತು ಅದಕ್ಕಿಂತ ವಿಶಾಲ. ದಿನ್ನ ಎಂದರೆ ಕೊಟ್ಟದ್ದು, ಅದಿನ್ನ ಎಂದರೆ ಕೊಡದೇ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳದಿರುವುದೇ ಈ ಶೀಲ.

ಕಳೆದ ವಾರ ಬೆಳಗಾವಿಯಲ್ಲಿ ನಮ್ಮ ಬಳಗ ಕೂಡಿದಾಗ ಖಾನಾಪುರದ ಕಡೆಯ ಯುವಕರೊಬ್ಬರು ಕೇಳಿದರು: “ಸರ, ‘ಜೈ ಭೀಮ್’ ಸಿನಿಮಾ ಒಂದ್ ಆ್ಯಪ್‌ನಾಗ, ‘ಮಹಾನಾಯಕ’ ಇನ್ನೊಂದರಾಗ, ಕ್ರಿಕೆಟ್ ಮತ್ತೊಂದರಾಗ. ಎಲ್ಲಾದಕ್ಕೂ ರೊಕ್ಕ. ಕಥಿ ನಮ್ದು, ಕೀಲಿ ಅವರದು. ಟೆಲಿಗ್ರಾಂನಾಗ ಪುಕ್ಕಟ ಸಿಗತೈತಿ. ನೋಡಿದ್ರ ಶೀಲ ಕೆಡತೈತೇನು?”

ಅವರ ದೂರು ಸುಳ್ಳಲ್ಲ. 2020ರಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಬಂದಾಗ ಊರೂರಲ್ಲಿ ಫ್ಲೆಕ್ಸ್ ಕಟ್ಟಿ ಸ್ವಾಗತಿಸಿದೆವು. ಕೇಬಲ್ ಇದ್ದ ಮನೆಯವರೆಲ್ಲ ನೋಡಿದರು, ಇಲ್ಲದವರು ನೆರೆಮನೆಗೆ ಹೋಗಿ ನೋಡಿದರು. ಮರುವರ್ಷ ನವೆಂಬರ್ 2ರಂದು ‘ಜೈ ಭೀಮ್’ ಟಾಕೀಸಿಗೆ ಬರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಪ್ರೈಮ್‌ಗೆ ವರ್ಷಕ್ಕೆ 1499 ರೂಪಾಯಿ. ನೆಟ್‌ಫ್ಲಿಕ್ಸ್ ಬರೀ ಮೊಬೈಲಿನಲ್ಲಿ ನೋಡಲು ತಿಂಗಳಿಗೆ 149. ಎರಡೇ ಸೇರಿ ವರ್ಷಕ್ಕೆ 3287 ಆಯಿತು. ನಮ್ಮ ಗಡಿ ಭಾಗದಲ್ಲಿ ಅತ್ತೆಗೆ ಕನ್ನಡ ಧಾರಾವಾಹಿ, ಸೊಸೆಗೆ ಮರಾಠಿ ಮಾಲಿಕೆ, ಮಗನಿಗೆ ಕ್ರಿಕೆಟ್ ಬೇಕು. ದಿನಗೂಲಿಯ ಮನೆ ಇದನ್ನೆಲ್ಲ ತೂಗಿಸುವುದು ಹೇಗೆ?

‘ಆಸೆಯೇ ದುಃಖಕ್ಕೆ ಮೂಲ, ನೋಡದಿದ್ದರಾಯಿತು’ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ನಾನು ಹಾಗೆ ಹೇಳಲಾರೆ. ಇದ್ದದ್ದರಲ್ಲಿ ತೃಪ್ತಿಪಡಿ ಎಂಬ ಉಪದೇಶವನ್ನು ನಮ್ಮ ಹಿರಿಯರಿಗೆ ಶತಮಾನಗಳ ಕಾಲ ಮಾಡಲಾಗಿದೆ. ಬಾಬಾಸಾಹೇಬರು ಬಡತನವನ್ನು ಎಂದೂ ಹೊಗಳಲಿಲ್ಲ. ತನ್ನ ಜನರ ಕಥೆಯನ್ನು ಪರದೆಯ ಮೇಲೆ ನೋಡಬೇಕೆಂದು ಒಂದು ಮಗು ಬಯಸಿದರೆ ಅದನ್ನು ತೃಷ್ಣೆ ಎಂದು ಕರೆಯಬೇಡಿ.

ಆದರೆ ಬಯಕೆ ನ್ಯಾಯವಾದದ್ದು ಎಂದ ಮಾತ್ರಕ್ಕೆ ಕೊಡದೇ ಇದ್ದದ್ದು ಕೊಟ್ಟಂತಾಗುವುದಿಲ್ಲ. ಕಥೆ ನಮ್ಮದು, ನಿಜ. ಆ ಸಿನಿಮಾದಲ್ಲಿ ದೀಪ ಹೊತ್ತವರು, ಹೊಲಿಗೆ ಹಾಕಿದವರು, ಅಡುಗೆ ಮಾಡಿದವರು, ಕನ್ನಡಕ್ಕೆ ದನಿ ಕೊಟ್ಟವರು ಎಲ್ಲರೂ ಇದ್ದಾರೆ. ಅವರ ದುಡಿಮೆ ನಮ್ಮದಲ್ಲ. ಬಿಟ್ಟಿ ಚಾಕರಿ ಎಂದರೇನೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಅಜ್ಜಂದಿರ ದುಡಿಮೆಯನ್ನು ಊರು ಕೇಳದೆ, ಕೂಲಿ ಕೊಡದೆ ತೆಗೆದುಕೊಂಡಿತು. ಅದೇ ಅದಿನ್ನಾದಾನ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಕಳ್ಳತನ ಮಾಡುವುದಿಲ್ಲ ಎಂಬುದೂ ಒಂದು. ಆ ಪ್ರತಿಜ್ಞೆ ಮಾಡಿದ ನಾವು ‘ಕಂಪನಿ ದೊಡ್ಡದು, ಅದಕ್ಕೇನು ಕಡಿಮೆ’ ಎಂದು ಹೇಳಿದರೆ ಹಳೆಯ ಊರಗೌಡನ ಲೆಕ್ಕವನ್ನೇ ನಾವೂ ಹಾಕಿದಂತೆ.

ಇದೇ ತಕ್ಕಡಿಯಲ್ಲಿ ಕಂಪನಿಗಳನ್ನೂ ತೂಗೋಣ. ಶೀಲ ಬಡವನಿಗಷ್ಟೇ ಇರುವುದಲ್ಲ. ಹಣ ಕಟ್ಟಿದವರಿಗೂ 2025ರ ಜೂನ್‌ನಿಂದ ಪ್ರೈಮ್‌ನಲ್ಲಿ ನಡುನಡುವೆ ಜಾಹೀರಾತು ಬರುತ್ತಿವೆ. ಅವು ಬೇಡವೆಂದರೆ ಮತ್ತೆ ಹಣ ಕೊಡಬೇಕು. ಸೇರುವುದು ಒಂದು ಒತ್ತಿಗೆ, ಬಿಡುವುದು ಹತ್ತು ಒತ್ತಿಗೆ ಎಂಬಂತೆ ಯಾವುದೇ ಆ್ಯಪ್ ಇದ್ದರೆ ಅದು ಮರೆವಿನಿಂದ ಹಣ ಎತ್ತುವ ಉಪಾಯ. ಮನಸ್ಸಿಟ್ಟು ಕೊಡದ ಹಣವೂ ಅದಿನ್ನವೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಚಂದಾದ ಬಲೆ ಅವುಗಳಲ್ಲಿ ಒಂದು. ಆ ಬಲೆಗೆ ಬಿದ್ದವರು ಸುಮ್ಮನಿರಬೇಡಿ, 1915ಕ್ಕೆ ಕರೆ ಮಾಡಿ ದೂರು ಕೊಡಿ.

ಹಾಗಾದರೆ ನಾವು ಏನು ಮಾಡಬಹುದು? ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗೃಹಸ್ಥನಿಗೆ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳುತ್ತಾರೆ. ಒಂದು ಪಾಲು ಅನುಭವಿಸಲು, ಎರಡು ಪಾಲು ಉದ್ಯೋಗಕ್ಕೆ, ಒಂದು ಪಾಲು ಆಪತ್ತಿಗೆ. ಮನರಂಜನೆಗೂ ಅಲ್ಲಿ ಜಾಗವಿದೆ, ಆದರೆ ಅಳತೆಯೂ ಇದೆ. ಒಂದು ಸಲಕ್ಕೆ ಒಂದೇ ಚಂದಾ ಇರಲಿ. ನೋಡಿ ಮುಗಿದ ಮೇಲೆ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರಿ. ಸ್ವಯಂ ಪಾವತಿಯನ್ನು ಆ ದಿನವೇ ಬಂದ್ ಮಾಡಿ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ‘ವೇವ್ಸ್’ ಆ್ಯಪ್‌ನಲ್ಲಿ ಬಹಳಷ್ಟು ಪುಕ್ಕಟೆಯಾಗಿಯೇ ಇದೆ. ಅದು ಕೊಟ್ಟದ್ದು, ಧಾರಾಳವಾಗಿ ತೆಗೆದುಕೊಳ್ಳಿ.

ಇನ್ನು ‘ಜೈ ಭೀಮ್’ನಂಥ ಚಿತ್ರವನ್ನು ಏಪ್ರಿಲ್ 14ಕ್ಕೆ ವಿಹಾರದಲ್ಲಿ ಎಲ್ಲರಿಗೂ ತೋರಿಸಬೇಕೆಂದರೆ ಒಬ್ಬರ ಪಾಸ್‌ವರ್ಡ್ ಸಾಲದು. ಬಳಗದ ಹೆಸರಿನಲ್ಲಿ ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಕೇಳೋಣ. ಕೇಳುವುದೆಂದರೆ ಅಂಗಲಾಚುವುದಲ್ಲ. ಹಕ್ಕಿನಿಂದ ಕೇಳಲು ಕಲಿಸಿದವರೇ ಬಾಬಾಸಾಹೇಬರು. ಕೊಟ್ಟರೆ ಅದು ದಿನ್ನ, ತಲೆ ಎತ್ತಿ ನೋಡಬಹುದು.

ಈ ದಿನ ಒಂದು ಕೆಲಸ ಮಾಡಿ: ಮೊಬೈಲ್ ತೆಗೆದು, ಯಾವ ಯಾವ ಆ್ಯಪ್‌ಗೆ ನಿಮ್ಮ ಹಣ ಹೋಗುತ್ತಿದೆ ಎಂದು ಮನೆಯವರೆಲ್ಲ ಕೂತು ನೋಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.