ಅಸ್ವಪ್ನರ ನಿದ್ರೆ

ದೇವಲೋಕದಲ್ಲಿ ನಿದ್ರೆಯುಂಟೇ? ಅಲ್ಲಿನ ಜೀವಿಗಳು ಕನಸು ಕಾಣುವರೇ? ಮೇಲುನೋಟಕ್ಕೆ ಇದು ಮಕ್ಕಳ ಕುತೂಹಲದಂತೆ ತೋರಿದರೂ ಶ್ರಾವಕಧರ್ಮದ ಮೂಲಪ್ರಶ್ನೆಯೊಂದು ಇದರಲ್ಲಿ ಅಡಗಿದೆ. ಎಚ್ಚರವೆಂದರೆ ಏನು? ಕಣ್ಣು ತೆರೆದಿರುವುದೇ ಎಚ್ಚರವೋ, ಅಥವಾ ಅದು ಬೇರೆಯೇ ಒಂದು ಸ್ಥಿತಿಯೋ?

ಅಮರಕೋಶವು ದೇವತೆಗಳಿಗೆ ಹೇಳುವ ಪರ್ಯಾಯನಾಮಗಳಲ್ಲಿ ‘ಅಸ್ವಪ್ನ’ ಎಂಬುದೂ ಒಂದು. ನಿದ್ರೆ ಇಲ್ಲದವರು ಎಂದು ಅದರ ಅರ್ಥ. ಜೈನಶಾಸ್ತ್ರಗಳು ವರ್ಣಿಸುವ ದೇವಗತಿಯ ಸ್ವರೂಪವೂ ಈ ಹೆಸರಿಗೆ ಹೊಂದುತ್ತದೆ. ದೇವತೆಗಳದು ವೈಕ್ರಿಯಿಕ ಶರೀರ. ಅದರಲ್ಲಿ ರಕ್ತಮಾಂಸಾದಿ ಧಾತುಗಳಿಲ್ಲ, ರೋಗವಿಲ್ಲ, ಮುಪ್ಪಿಲ್ಲ. ಒಂದು ಸಾಗರೋಪಮ ಆಯುಷ್ಯವುಳ್ಳ ದೇವನು ಒಂದು ಪಕ್ಷಕ್ಕೊಮ್ಮೆ ಉಸಿರಾಡುತ್ತಾನೆ. ಸಾವಿರ ವರ್ಷಕ್ಕೊಮ್ಮೆ ಆತನಿಗೆ ಆಹಾರದ ಇಚ್ಛೆ ಹುಟ್ಟುತ್ತದೆ, ಅದೂ ಮನಸ್ಸಿನಲ್ಲಿಯೇ ತೃಪ್ತಿಗೊಳ್ಳುತ್ತದೆ. ಸೂರ್ಯಚಂದ್ರರ ಗತಿಯಿಂದ ಉಂಟಾಗುವ ಹಗಲುರಾತ್ರಿಗಳ ವಿಭಾಗವಾದರೋ ಮನುಷ್ಯಲೋಕಕ್ಕೆ ಮಾತ್ರ ಸೇರಿದ್ದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ದಣಿವಿಲ್ಲದ ದೇಹಕ್ಕೆ, ರಾತ್ರಿಯಿಲ್ಲದ ಲೋಕದಲ್ಲಿ, ಹಾಸಿಗೆಯ ಹಂಗೇನು?

ಆದರೆ ಕರ್ಮಸಿದ್ಧಾಂತವು ಇಷ್ಟಕ್ಕೇ ನಿಲ್ಲುವುದಿಲ್ಲ. ಅದರ ದೃಷ್ಟಿಯಲ್ಲಿ ನಿದ್ರೆಯು ಕೇವಲ ದೇಹದ ಆಯಾಸವಲ್ಲ. ಆತ್ಮನ ದರ್ಶನಗುಣವನ್ನು ಮುಚ್ಚುವ ದರ್ಶನಾವರಣೀಯ ಕರ್ಮದ ಫಲ. ಆ ಕರ್ಮದ ಒಂಬತ್ತು ಭೇದಗಳಲ್ಲಿ ಐದು ನಿದ್ರೆಗೆ ಸಂಬಂಧಿಸಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ ಮತ್ತು ಸ್ತ್ಯಾನಗೃದ್ಧಿ. ಸುಲಭವಾಗಿ ಎಚ್ಚರಿಸಬಹುದಾದ ನಿದ್ರೆಯಿಂದ ಮೊದಲ್ಗೊಂಡು, ನಿದ್ರೆಯಲ್ಲಿಯೇ ಎದ್ದು ಘೋರಕಾರ್ಯಗಳನ್ನು ಮಾಡಿಸುವ ಸ್ತ್ಯಾನಗೃದ್ಧಿಯವರೆಗೆ ಇವುಗಳ ವ್ಯಾಪ್ತಿ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಇವುಗಳ ಉದಯವನ್ನು ಗತಿಗತಿಗೂ ಲೆಕ್ಕಹಾಕಿದ್ದಾರೆ. ಗಾಢವಾದ ಮೂರು ನಿದ್ರೆಗಳ ಉದಯ ದೇವತೆಗಳಿಗಿಲ್ಲ. ಆದರೆ ದೇವಗತಿಯಲ್ಲಿ ಉದಯಯೋಗ್ಯವಾದ 77 ಪ್ರಕೃತಿಗಳಲ್ಲಿ ನಿದ್ರಾ ಮತ್ತು ಪ್ರಚಲಾ ಎಂಬೆರಡು ಉಳಿದೇ ಇವೆ. ಹಾಸಿಗೆ ಬಿಟ್ಟುಹೋಗಿದೆ, ನಿದ್ರೆಯ ಬೀಜ ಬಿಟ್ಟುಹೋಗಿಲ್ಲ. ಆ ಎರಡರ ಉದಯ ಪೂರ್ಣವಾಗಿ ಅಡಗುವುದು ಹನ್ನೆರಡನೆಯ ಗುಣಸ್ಥಾನದ ಅಂತ್ಯದಲ್ಲಿ, ಕೇವಲಜ್ಞಾನದ ಹೊಸ್ತಿಲಲ್ಲಿ. ನಿಜವಾಗಿ ನಿದ್ರೆಯನ್ನು ಗೆದ್ದವನು ಇಂದ್ರನಲ್ಲ, ಅರ್ಹಂತನು.

ಶ್ವೇತಾಂಬರ ಪರಂಪರೆಯ ಭಗವತೀಸೂತ್ರವು ಇದೇ ವಿಷಯವನ್ನು ಇನ್ನೊಂದು ದಿಕ್ಕಿನಿಂದ ನೋಡುತ್ತದೆ. ಜೀವಿಗಳಲ್ಲಿ ಯಾರು ಸುಪ್ತರು, ಯಾರು ಜಾಗೃತರು, ಯಾರು ಸುಪ್ತಜಾಗೃತರು ಎಂದು ಅಲ್ಲಿ ಪ್ರಶ್ನೆ. ವ್ರತವಿಲ್ಲದವನು ಸುಪ್ತ, ಸರ್ವವಿರತನು ಜಾಗೃತ, ದೇಶವಿರತನಾದ ಶ್ರಾವಕನು ಸುಪ್ತಜಾಗೃತ ಎಂಬುದು ಅದರ ಭಾವ. ಮನುಷ್ಯರಲ್ಲಿ ಈ ಮೂವರೂ ಉಂಟು. ಅಣುವ್ರತದ ಯೋಗ್ಯತೆಯುಳ್ಳ ಪಂಚೇಂದ್ರಿಯ ಪಶುಪಕ್ಷಿಗಳಲ್ಲಿಯೂ ಸುಪ್ತಜಾಗೃತರುಂಟು. ದೇವತೆಗಳಾದರೋ ನಾರಕಿಗಳಂತೆಯೇ ಕೇವಲ ಸುಪ್ತರು! ರೆಪ್ಪೆ ಮುಚ್ಚದವರನ್ನು ಆಗಮವು ಮಲಗಿದವರೆಂದು ಎಣಿಸಿತು. ಸಮ್ಯಗ್ದರ್ಶನ ಅವರಿಗೆ ಸಾಧ್ಯ, ಜಿನಪೂಜೆ ಸಾಧ್ಯ, ನಂದೀಶ್ವರದ ಮಹೋತ್ಸವ ಸಾಧ್ಯ. ಆದರೆ ಒಂದು ಹೊತ್ತಿನ ಉಪವಾಸದ ನಿಯಮವೂ ಸಾಧ್ಯವಿಲ್ಲ. ನಾಲ್ಕನೆಯ ಗುಣಸ್ಥಾನವೇ ಅವರ ಎಲ್ಲೆ.

ಕನಸಿನ ವಿಚಾರವೂ ಹೀಗೆಯೇ. ಗಾಢನಿದ್ರೆಯಲ್ಲಿಯೂ ಪೂರ್ಣ ಎಚ್ಚರದಲ್ಲಿಯೂ ಕನಸಿಲ್ಲ, ಇವೆರಡರ ನಡುವೆ ಅದು ಕಾಣುತ್ತದೆ ಎಂದು ಅದೇ ಆಗಮ ಹೇಳುತ್ತದೆ. ತೀರ್ಥಂಕರರ ಗರ್ಭಾವತರಣವನ್ನು ಇಂದ್ರನು ಆಸನಕಂಪದಿಂದ, ಅವಧಿಜ್ಞಾನದಿಂದ ಅರಿಯುತ್ತಾನೆ. ಹದಿನಾರು ಸ್ವಪ್ನಗಳ ಭಾಗ್ಯವಾದರೋ ರಾತ್ರಿಯ ಕೊನೆಯ ಜಾವದಲ್ಲಿ ಮಲಗಿದ್ದ ಮನುಷ್ಯಮಾತೆಯದು.

ನಿದ್ರೆಯಿಲ್ಲದವನ ಮೈಮರೆವು ಹೇಗಿರುತ್ತದೆಂಬುದಕ್ಕೆ ಲಲಿತಾಂಗದೇವನ ಕಥೆ ಸಾಕ್ಷಿ. ಕ್ರಿ.ಶ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಅದನ್ನು ಕನ್ನಡಿಗರ ಕಣ್ಣಿಗೆ ಕಟ್ಟುವಂತೆ ತಂದನು. ಈಶಾನಕಲ್ಪದಲ್ಲಿ ಸ್ವಯಂಪ್ರಭೆಯೊಡನೆ ಭೋಗದಲ್ಲಿ ಮುಳುಗಿದ್ದ ಲಲಿತಾಂಗನಿಗೆ ಕಾಲ ಸರಿದದ್ದೇ ತಿಳಿಯಲಿಲ್ಲ. ಆಯುಷ್ಯ ಆರು ತಿಂಗಳು ಉಳಿದಾಗ ಕೊರಳ ಮಾಲೆ ಬಾಡಿತು. ಆಗ ಅವನು ಬೆಚ್ಚಿದನು, ದುಃಖಿಸಿದನು. ಸಹವಾಸಿ ದೇವತೆಗಳು ಧರ್ಮವನ್ನು ನೆನಪಿಸಿದ ಮೇಲೆ ಜಿನಾರ್ಚನೆಗೆ ತೊಡಗಿ, ಪಂಚನಮಸ್ಕಾರವನ್ನು ಸ್ಮರಿಸುತ್ತ ದೇಹ ಬಿಟ್ಟನು. ಸುದೀರ್ಘಕಾಲ ತೆರೆದೇ ಇದ್ದ ಕಣ್ಣುಗಳಿಗೆ ಎಚ್ಚರ ತಂದದ್ದು ಒಂದು ಬಾಡಿದ ಹೂಮಾಲೆ.

ಹಾಗಾದರೆ ನಿದ್ರೆ ಮೇಲೋ, ಎಚ್ಚರ ಮೇಲೋ? ಕೌಶಾಂಬಿಯ ಜಯಂತಿ ಎಂಬ ಶ್ರಾವಿಕೆ ಇದನ್ನು ಮಹಾವೀರಸ್ವಾಮಿಯಲ್ಲಿಯೇ ಕೇಳಿದಳು. ಅಧರ್ಮಿಗಳು ಮಲಗಿರುವುದು ಒಳಿತು, ಅಷ್ಟು ಹೊತ್ತಾದರೂ ಪರಜೀವಿಗಳಿಗೆ ನೋವಿಲ್ಲ. ಧರ್ಮಿಷ್ಠರು ಎಚ್ಚರವಾಗಿರುವುದು ಒಳಿತು ಎಂಬುದು ಭಗವಂತನ ಉತ್ತರದ ಸಾರ. ಎಚ್ಚರಕ್ಕೆ ಬೆಲೆ ಬರುವುದು ಅದನ್ನು ಬಳಸುವ ರೀತಿಯಿಂದ.

ಇಂದು ವಿದ್ಯುದ್ದೀಪವು ರಾತ್ರಿಯನ್ನು ಹಗಲಾಗಿಸಿದೆ. ನಡುರಾತ್ರಿ ಕಳೆದರೂ ಮನೆಮನೆಗಳಲ್ಲಿ ಕಣ್ಣುಗಳು ಹೊಳೆಯುವ ಪರದೆಗಳಲ್ಲಿ ನೆಟ್ಟಿರುತ್ತವೆ. ಮನುಷ್ಯನೂ ಒಂದು ಬಗೆಯ ಅಸ್ವಪ್ನನಾಗಿದ್ದಾನೆ, ಆದರೆ ಜಾಗೃತನಾಗಿದ್ದಾನೆಯೇ? ದಾನಪೂಜೆಗಳನ್ನು ಮಾಡುವಾಗ ಸ್ವರ್ಗಸುಖವನ್ನೇ ಫಲವಾಗಿ ಬಯಸುವವರೂ ವಿಚಾರಿಸಬೇಕಾದದ್ದುಂಟು. ಶಾಸ್ತ್ರವು ಆ ಬಯಕೆಯನ್ನು ನಿದಾನವೆಂದು ಕರೆದು ಶಲ್ಯಗಳಲ್ಲಿ ಸೇರಿಸಿದೆ. ವ್ರತ ಹಿಡಿಯಬಲ್ಲ ಜನ್ಮವನ್ನು ಕೊಟ್ಟು, ವ್ರತವಿಲ್ಲದ ದೀರ್ಘಾಯುಷ್ಯವನ್ನು ಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಶ್ರಾವಕನು ದಣಿಯುತ್ತಾನೆ, ಮಲಗುತ್ತಾನೆ, ಕನಸು ಕಾಣುತ್ತಾನೆ. ಅದರಲ್ಲಿ ನಾಚಿಕೆಯಿಲ್ಲ, ಮಹಾವ್ರತಿಗಳಾದ ಮುನಿಗಳೂ ನೆಲದ ಮೇಲೆ ಅಲ್ಪನಿದ್ರೆ ಮಾಡುತ್ತಾರೆ. ಮಲಗುವ ಮುನ್ನ ದಿನದ ದೋಷಗಳ ಆಲೋಚನೆ, ಎದ್ದೊಡನೆ ಣಮೋಕಾರ, ನಡುವೆ ಒಂದು ಸಾಮಾಯಿಕ, ಕೈಲಾದಷ್ಟು ಒಂದು ನಿಯಮ: ಇಷ್ಟಿದ್ದರೆ ಅವನು ಮಲಗಿದಾಗಲೂ ಅವನ ವ್ರತ ಎಚ್ಚರವಾಗಿರುತ್ತದೆ. ಲಲಿತಾಂಗನಂತೆ ಮಾಲೆ ಬಾಡುವ ತನಕ ಅವನು ಕಾಯಬೇಕಾಗಿಲ್ಲ.