ಚಕ್ಕುಬಂದಿ

ನಮ್ಮ ಮನೆಯ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆದಿದೆ: ಮೂರು ದಿಕ್ಕಿಗೂ ಬೇರೆಯವರ ಸೈಟು, ಪೂರ್ವಕ್ಕೆ ರಸ್ತೆ. ಬೆಂಗಳೂರಿನ ಮೂವತ್ತು ನಲವತ್ತರ ಸೈಟು ನಮ್ಮದು. ರಸ್ತೆ ಶುರುವಾದಲ್ಲಿಗೆ ನನ್ನ ಹಕ್ಕು ಮುಗಿಯಿತು. ಇಷ್ಟನ್ನು ಛಾಪಾ ಕಾಗದದ ಮೇಲೆ ಬರೆಸಿಕೊಂಡವನು ಕಾಂಪೌಂಡಿನಾಚೆ ಎರಡು ಕುಂಡ ಇಟ್ಟಿದ್ದೇನೆ. ಒಂದರಲ್ಲಿ ದಾಸವಾಳ. ಇನ್ನೊಂದು ಕುಂಡವೂ ಅಲ್ಲ, ಹಳೇ ಪೇಂಟ್ ಡಬ್ಬ. ಯಾರೂ ಸರಿಸಬಾರದೆಂದು ಸಿಮೆಂಟು ತುಂಬಿಸಿದ್ದು. ನನ್ನ ಹತ್ತಿರ ಕಾರಿಲ್ಲ, ಮಾರುತಿ 800 ಮಾರಿ ಆರು ವರ್ಷವಾಯಿತು. "ಮತ್ತೆ ಯಾರಿಗೆ ಕಾಯ್ತಿದೀರಿ ಆ ಜಾಗಾನ?" ಅನ್ನುತ್ತಾಳೆ ನನ್ನಾಕೆ. ಮಗ ಬಂದರೆ ಅನ್ನುತ್ತೇನೆ. ಮಗ ಬರುವುದು ವರ್ಷಕ್ಕೊಮ್ಮೆ, ಅದೂ ಏರ್‌ಪೋರ್ಟ್ ಟ್ಯಾಕ್ಸಿಯಲ್ಲಿ.

ಕಳೆದ ಭಾದ್ರಪದ, ದಶಲಕ್ಷಣ ಪರ್ವದ ಒಂಬತ್ತನೆಯ ದಿನ. ಅಂದು ಉತ್ತಮ ಆಕಿಂಚನ್ಯ, ನನ್ನದೆಂಬುದು ಏನೂ ಇಲ್ಲವೆಂಬ ಧರ್ಮ. ಬಸದಿಯಲ್ಲಿ ಪ್ರವಚನಕ್ಕೆ ತಲೆದೂಗಿ ಮನೆಗೆ ಬಂದರೆ ದಾಸವಾಳ ಪಕ್ಕಕ್ಕೆ ಸರಿದಿತ್ತು, ಆ ಜಾಗದಲ್ಲಿ ಬಿಳೀ ಕಾರು. ಎದುರುಮನೆ ಮಹಡಿಯ ಬಾಡಿಗೆ ಹುಡುಗನದು. ರಾತ್ರಿ ಬೀದಿಯೆಲ್ಲ ಮಲಗಿದ ಮೇಲೆ ಬೆಂಕಿಕಡ್ಡಿ ಚುಚ್ಚಿ ಹಿಂದಿನ ಚಕ್ರದ ಗಾಳಿ ಬಿಟ್ಟೆ. ಆ ಸುಯ್ಯೆನ್ನುವ ಸದ್ದು ಅಷ್ಟು ಹೊತ್ತು ನಿಲ್ಲುವುದಿಲ್ಲವೆಂದು ಗೊತ್ತಿರಲಿಲ್ಲ.

ಬೆಳಿಗ್ಗೆ ಸ್ಟೆಪ್ನಿ ಹಾಕುತ್ತಿದ್ದವನು ನನ್ನನ್ನು ನೋಡಿ, "ಅಂಕಲ್, ಇಲ್ಲೆಲ್ಲೋ ಮೊಳೆ ಬಿದ್ದಿರ್ಬೇಕು. ಬರಿಗಾಲಲ್ಲಿ ಓಡಾಡ್ಬೇಡಿ" ಅಂದ.

ಚುಚ್ಚಿಕೊಂಡು ಉಳಿದ ಮುಳ್ಳಿಗೆ ನಮ್ಮಲ್ಲಿ ಶಲ್ಯ ಅನ್ನುತ್ತಾರೆ. ಬಾಹುಬಲಿ ಒಂದು ವರ್ಷ ಅಲುಗದೆ ನಿಂತ. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಕೇವಲಜ್ಞಾನ ಮಾತ್ರ ಬರಲಿಲ್ಲ. ನಿಂತ ನೆಲ ಅಣ್ಣ ಭರತನದೆಂಬ ಶಲ್ಯ ಒಳಗಿತ್ತಂತೆ. ಭರತನೇ ಬಂದು ನಮಸ್ಕರಿಸಿದ ಮೇಲೆ ಅದು ಕಳಚಿತು. ಶ್ರವಣಬೆಳಗೊಳದಲ್ಲಿ 58 ಅಡಿಯ ಆ ಮೂರ್ತಿಯ ಪಾದದ ಬಳಿ ನಿಂತು ಮೊಮ್ಮಕ್ಕಳಿಗೆ ಈ ಕತೆ ಹೇಳಿದವನು ನಾನೇ. ಗೆದ್ದ ರಾಜ್ಯ ಬಿಟ್ಟವನಿಗೆ ಎರಡು ಪಾದ ಊರುವಷ್ಟು ನೆಲ ಇನ್ನೊಬ್ಬನದೆಂಬ ಕೊರಗು. ನನಗೆ ನನ್ನದೇ ಅಲ್ಲದ ನೆಲದಲ್ಲಿ ಇನ್ನೊಬ್ಬ ನಿಂತನೆಂಬ ಉರಿ.

ಕೊಡದೇ ಇದ್ದದ್ದನ್ನು ತೆಗೆದುಕೊಂಡರೆ ಕಳ್ಳತನ ಅನ್ನುತ್ತದೆ ಅಚೌರ್ಯವ್ರತ. ರಸ್ತೆಯನ್ನು ಆ ಹುಡುಗನಿಗೆ ತಾನೇ ಯಾರು ಕೊಟ್ಟರು? ಮೂರು ಮಹಡಿ ಎಬ್ಬಿಸಿ ಕೆಳಗೆ ಒಂದು ಗಾಡಿಗೂ ಜಾಗ ಬಿಡದ ಅವನ ಓನರ್ ಮೊದಲ ಕಳ್ಳನಲ್ಲವೇ? ಹೀಗೆಲ್ಲ ನನ್ನೊಳಗೇ ವಾದಿಸಿ ಗೆದ್ದೂ ಆಯಿತು. ಆದರೆ ಅವನ ಕಾರು ಎಂಟಕ್ಕೆಲ್ಲ ಹೊರಟುಹೋಗುತ್ತದೆ. ನನ್ನ ಡಬ್ಬ ಹಗಲೂ ರಾತ್ರಿ ಅಲ್ಲೇ.

ಪರ್ವ ಮುಗಿದು ಕ್ಷಮಾವಾಣಿ ಬಂತು. ಹಾಸನದ ಭಾವನಿಂದ ಹಿಡಿದು ಮಗನ ಬೀಗರವರೆಗೆ ನಲವತ್ತು ಮಂದಿಗೆ ವಾಟ್ಸಾಪಿನಲ್ಲಿ ಕ್ಷಮೆ ಕೇಳಿದೆ. ಆ ಹುಡುಗನ ನಂಬರ್ ಇಲ್ಲವಲ್ಲ ಅಂದುಕೊಂಡು ಸಮಾಧಾನವೂ ಆಯಿತು. ಸಂಜೆ ಗೇಟು ಹಾಕಲು ಹೋದಾಗ ಕಂಡಿತು, ಕಾರಿನ ಮುಂದಿನ ಗಾಜಿನೊಳಗೆ ಒಂದು ಚೀಟಿ: ತೊಂದರೆಯಾದರೆ ಫೋನ್ ಮಾಡಿ. ಕೆಳಗೆ ಹತ್ತು ಅಂಕಿ. ಮೊದಲ ದಿನದಿಂದಲೂ ಅಲ್ಲೇ ಇದ್ದಿರಬೇಕು. ಅಂಚು ಬಿಸಿಲಿಗೆ ಸುರುಟಿತ್ತು.