ಕೂಡಿಸುವ ಮೂರನೆಯದು

ಎರಡು ವಸ್ತುಗಳು ಕೂಡಿದಾಗ ಅವನ್ನು ಹಿಡಿದಿಡುವುದು ಯಾವುದು? ಆ ಹಿಡಿತ ಅವುಗಳಲ್ಲೇ ಇದೆಯೇ, ಅವೆರಡಕ್ಕಿಂತ ಬೇರೆಯಾದ ಮೂರನೆಯ ಪದಾರ್ಥವೇ? ನ್ಯಾಯ-ವೈಶೇಷಿಕರು ಸಂಬಂಧವನ್ನೇ ಎರಡಾಗಿ ವಿಂಗಡಿಸಿ ಇದಕ್ಕೆ ಉತ್ತರ ಕೊಟ್ಟರು. ಬೇರೆಬೇರೆಯಾಗಿದ್ದವು ಬಂದು ತಾಗಿದರೆ ಸಂಯೋಗ. ಅದು ಮತ್ತೆ ಬಿಟ್ಟುಹೋಗಬಲ್ಲದು. ನೂಲಿಗೂ ಬಟ್ಟೆಗೂ, ಹೂವಿಗೂ ಅದರ ಬಣ್ಣಕ್ಕೂ ಇರುವುದು ಸಮವಾಯ. ಅಲ್ಲಿ ಒಂದನ್ನು ಕೆಡಿಸದೆ ಇನ್ನೊಂದನ್ನು ಬಿಡಿಸಲಾಗದು.

ದ್ವೈತ ಪರಂಪರೆ ಸಮವಾಯವನ್ನು ಒಪ್ಪಲಿಲ್ಲ. ನ್ಯಾಯದ ನಿಲುವುಗಳನ್ನು ಒರೆಗೆ ಹಚ್ಚಲೆಂದೇ ‘ತರ್ಕತಾಂಡವ’ ಬರೆದ ವ್ಯಾಸತೀರ್ಥರ ವೃಂದಾವನ ಇರುವುದು ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿ. ಆಚೀಚೆಯ ಗದ್ದೆ, ಬಾಳೆತೋಟಗಳಿಗೆ ವಿಜಯನಗರ ಕಾಲದ ಕಾಲುವೆಗಳ ನೀರು ಇಂದಿಗೂ ಹರಿಯುತ್ತದೆ. ಕಾಲುವೆ ಏರದ ಕಡೆಗೆ ಕರಿ ಪೈಪು ಹೋಗುತ್ತದೆ. ಆ ಪೈಪಿನ ಜಾಯಿಂಟಿನಲ್ಲಿ ಹಳೆಯ ವಾದದ ಪಕ್ಷಗಳನ್ನು ಕೈಯಿಂದ ಮುಟ್ಟಿ ನೋಡಬಹುದು.

ಮೆತ್ತಗಿನ ಪೈಪಿಗೆ ಹಲ್ಲುಗಳಿರುವ ಜಾಯಿಂಟರ್ ಹಾಕಿ ಕ್ಲಿಪ್ಪು ಬಿಗಿಯುವುದು ಶುದ್ಧ ಸಂಯೋಗ. ಪೈಪಿನ ಬಾಯಿಯನ್ನು ಓರೆಯಾಗದಂತೆ ಕತ್ತರಿಸಬೇಕು, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದಾಗ ಕೊನೆಯ ಹಲ್ಲು ದಾಟುವವರೆಗೆ ತಳ್ಳಬೇಕು. ಬೆಂಕಿಗೆ ಹಿಡಿದರೆ ಕೆಲಸ ಬೇಗ ಆಗುತ್ತದೆ, ಆದರೆ ಬಾಯಿ ಒಂದು ಕಡೆ ತೆಳುವಾಗಿ ಅಲ್ಲಿಯೇ ಸೀಳುತ್ತದೆ. ಕ್ಲಿಪ್ಪಿನ ಒತ್ತಡಕ್ಕೆ ಪ್ಲಾಸ್ಟಿಕ್ ನಿಧಾನವಾಗಿ ಜರಗುವುದರಿಂದ ಮರುದಿನ ಇನ್ನೊಮ್ಮೆ ಬಿಗಿಯಬೇಕಾಗುತ್ತದೆ.

ಗಟ್ಟಿ ಎಚ್‌ಡಿಪಿಇ ಪೈಪಿನ ಕಂಪ್ರೆಶನ್ ಕಪ್ಲರ್ ಇನ್ನೂ ಸೂಕ್ಷ್ಮ. ಅದರಲ್ಲಿ ಹಿಡಿಯುವ ಕೆಲಸ ಸೀಳಿದ ಬಳೆಯದು, ಸೋರದಂತೆ ತಡೆಯುವ ಕೆಲಸ ರಬ್ಬರ್ ರಿಂಗಿನದು. ಪೈಪಿನ ಅಂಚನ್ನು ಹೊರಗಿನಿಂದ ಸವರಿ, ಸೋಪಿನ ನೀರು ಹಚ್ಚಿ, ಒಳಗಿನ ತಡೆಗೆ ಮುಟ್ಟುವವರೆಗೆ ತಳ್ಳಿದರೆ ರಿಂಗು ಮಡಚಿಕೊಳ್ಳದೆ ಕೂಡುತ್ತದೆ. ಆಮೇಲೆ ನೀರಿನ ಒತ್ತಡವೇ ಅದನ್ನು ಸಂದಿಗೆ ಒತ್ತಿ ಇನ್ನಷ್ಟು ಬಿಗಿಮಾಡುತ್ತದೆ. ಸೋರಿಸಬೇಕಾದ ಬಲವೇ ಸೋರಿಕೆಯನ್ನು ತಡೆಯುವುದು ಈ ರಚನೆಯ ನಿಜವಾದ ಜಾಣ್ಮೆ.

ಬೆಸುಗೆಯ ಮಾತು ಬೇರೆ. ಎರಡು ಬಾಯಿಗಳನ್ನು ಹೆರೆದು ಸಮಮಾಡಿ, ಸುಮಾರು 210 ಡಿಗ್ರಿ ಸೆಲ್ಸಿಯಸ್ ಕಾದ ತಟ್ಟೆಗೆ ಒತ್ತಿ, ತಟ್ಟೆ ತೆಗೆದು ಒಂದಕ್ಕೊಂದು ಅದುಮಿದರೆ ಎರಡರ ಅಣುಸರಪಳಿಗಳು ಹೆಣೆದುಕೊಳ್ಳುತ್ತವೆ. ಸುತ್ತಲೂ ಒಂದೇ ದಪ್ಪದ ಉಬ್ಬು ಏಳಬೇಕು, ಆರುವವರೆಗೆ ಅಲುಗಿಸಬಾರದು. ಇಲ್ಲಿ ಕೂಡಿದ ಜಾಗವನ್ನು ಕತ್ತರಿಸದೆ ಬಿಡಿಸಲಾಗದು. ನೈಯಾಯಿಕರು ಇಲ್ಲಿ ಹೊಸ ಅವಯವಿ, ಅಂದರೆ ಭಾಗಗಳಿಂದಾದ ಇಡಿ, ಹುಟ್ಟಿತೆಂದು, ಅದು ತನ್ನ ಭಾಗಗಳಲ್ಲಿ ಸಮವಾಯದಿಂದ ನಿಂತಿದೆಯೆಂದು ಹೇಳುತ್ತಿದ್ದರು.

ವೇದಾಂತಿಗಳ ಆಕ್ಷೇಪ ಇಲ್ಲಿಯೇ ಏಳುತ್ತದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ವಾದವಿದು: ಸಮವಾಯವು ತಾನು ಕೂಡಿಸುವ ಎರಡಕ್ಕಿಂತ ಬೇರೆಯಾಗಿದ್ದರೆ, ಅದನ್ನು ಅವುಗಳಿಗೆ ಕೂಡಿಸಲು ಇನ್ನೊಂದು ಸಮವಾಯ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಇದು ಅನವಸ್ಥೆ. ಸಮವಾಯ ತನ್ನಷ್ಟಕ್ಕೆ ತಾನೇ ಅಂಟಿಕೊಳ್ಳುತ್ತದೆ ಎಂದು ನೈಯಾಯಿಕರು ಉತ್ತರಿಸಿದರು. ಹಾಗಿದ್ದರೆ ಆ ಶಕ್ತಿಯನ್ನು ವಸ್ತುಗಳಿಗೇ ಕೊಡಬಾರದೇಕೆ ಎಂಬ ಮರುಪ್ರಶ್ನೆಗೆ ಅವರ ಸಮಾಧಾನ ದುರ್ಬಲವಾಗಿಯೇ ಕಾಣುತ್ತದೆ. ದ್ವೈತದ ಮಧ್ವರು ಆ ಶಕ್ತಿಯನ್ನು ವಸ್ತುವಿನದೇ ಆದ ‘ವಿಶೇಷ’ ಎಂದು ಕರೆದು ಮೂರನೆಯದರ ಹಂಗು ತಪ್ಪಿಸಿದರು.

ಪಿವಿಸಿ ಪೈಪಿಗೆ ಹಚ್ಚುವ ಸಲ್ಯೂಷನ್ ಮೂರನೆಯ ವಸ್ತುವಿನಂತೆ ತೋರಿದರೂ ಅದು ಮಾಡುವುದು ಎರಡೂ ಮೈಗಳನ್ನು ಕರಗಿಸಿ ಒಂದಕ್ಕೊಂದು ಬೆರೆಸುವ ಕೆಲಸ. ಅದರ ದ್ರವ ಆರಿಹೋಗುತ್ತದೆ. ಎಚ್‌ಡಿಪಿಇ ಆ ಸಲ್ಯೂಷನ್‌ಗೆ ಕರಗುವುದೇ ಇಲ್ಲ, ಆದ್ದರಿಂದ ಅಲ್ಲಿ ಎಷ್ಟು ಹಚ್ಚಿದರೂ ವ್ಯರ್ಥ. ಕೂಡುವ ಯೋಗ್ಯತೆ ಕೂಡುವ ವಸ್ತುಗಳಲ್ಲೇ ಇರಬೇಕೆಂಬ ವೇದಾಂತಿಗಳ ಮಾತಿಗೆ ಇದು ಒಳ್ಳೆಯ ದೃಷ್ಟಾಂತ.

ಸಂಯೋಗದ ವಿಷಯದಲ್ಲಿ ಮಾತ್ರ ವೈಶೇಷಿಕರ ವಿಶ್ಲೇಷಣೆ ಇಂದಿಗೂ ಬೆಲೆಯುಳ್ಳದ್ದು. ಸಂಯೋಗವಾಗಲಿ, ಅದು ಬಿಟ್ಟುಹೋಗುವ ವಿಭಾಗವಾಗಲಿ ಮೂಲತಃ ಹುಟ್ಟುವುದು ಚಲನೆಯಿಂದ. ಒಂದು ಚಲಿಸಿದರೂ ಸಾಕು, ಎರಡೂ ಚಲಿಸಬಹುದು ಎಂದು ಅವರು ಗುರುತಿಸಿದ್ದರು. ಆನೆಗೊಂದಿ ಸೀಮೆಯ ಬೇಸಿಗೆ ಮಧ್ಯಾಹ್ನ ಬಿಸಿಲಲ್ಲಿ ಎಳೆದು ಕೂಡಿಸಿದ 100 ಮೀಟರ್ ಕರಿ ಪೈಪು 20 ಡಿಗ್ರಿ ತಣ್ಣಗಾದರೆ 30ರಿಂದ 40 ಸೆಂಟಿಮೀಟರ್ ಕುಗ್ಗುತ್ತದೆ. ಎರಡೂ ಕಡೆಯ ಪೈಪುಗಳು ಜಗ್ಗಿ ನಡುವಿನ ಜಾಯಿಂಟು ಕಳಚುವುದು ಎರಡರ ಚಲನೆಯಿಂದಾದ ವಿಭಾಗ. ಅದಕ್ಕೇ ಪೈಪನ್ನು ನೇರವಾಗಿ ಬಿಗಿದೆಳೆಯದೆ ಹಾವಿನಂತೆ ಸಡಿಲವಾಗಿ ಹಾಸುತ್ತಾರೆ, ಕೊನೆಯ ಕಪ್ಲರನ್ನು ತಂಪು ಹೊತ್ತಿನಲ್ಲಿ ಬಿಗಿಯುತ್ತಾರೆ, ಒತ್ತಡದ ನೀರು ಬಿಟ್ಟು ಜಾಯಿಂಟುಗಳನ್ನು ನೋಡಿದ ಮೇಲೆಯೇ ಮಣ್ಣು ಮುಚ್ಚುತ್ತಾರೆ.